ಮನೆ ಮತ್ತು ಪತಾಕೆ: ‘ಹಿಟ್ಲರ್‌ಯುಂಗೆ ಕ್ವೆಕ್ಸ್’ ಚಿತ್ರದ ವಿಮರ್ಶೆ

೧

ಹೇಯವಾದ ಉದ್ದೇಶದಿಂದ ಹುಟ್ಟಿದ ಕೃತಿ ಕಲೆಯ ದೃಷ್ಟಿಯಿಂದಲೂ ಹೇಯವೇ ಆಗಿದ್ದ ಪಕ್ಷದಲ್ಲಿ ವಿಮರ್ಶಕನ ಕೆಲಸ ಬಹು ಸುಲಭ. ಅಂತಹದನ್ನು ಬದಿಗೊತ್ತಿ ಮುಂದೆ ನಡೆಯಬಹುದು. ಉದ್ದೇಶ ಕೆಟ್ಟದ್ದಾಗಿದ್ದೂ ಕಟ್ಟಡದಲ್ಲಿ ಕೌಶಲ, ಪಾತ್ರಗಳಲ್ಲಿ ಜೀವ, ಭಾವದಲ್ಲಿ ಬಿಸಿ ಇರುವ ಕೃತಿ ಎದುರಾದಾಗಲೇ ಕಷ್ಟ. ಅದನ್ನು ಹೊಗಳಿದರೆ ಮನಸ್ಸು ಒಪ್ಪದು; ಕಲೆಯೇ ಅಲ್ಲವೆಂದು ತಳ್ಳಿಹಾಕಿದರೆ ಅನುಭವಕ್ಕೆ ದ್ರೋಹ ಬಗೆದಂತಾಗುತ್ತದೆ. ೧೯೩೩ರಲ್ಲಿ ಜರ್ಮನಿಯಲ್ಲಿ ತಯಾರಾದ ‘ಹಿಟ್ಲರ್‌ಯುಂಗೆ ಕ್ವೆಕ್ಸ್’ ಎಂಬ ಚಲನಚಿತ್ರ ಇಂತಹ ಇಕ್ಕಟ್ಟಿನಲ್ಲಿ ನಮ್ಮನ್ನು ನಿಲ್ಲಿಸುತ್ತದೆ. ಹದಿಹರೆಯದ ಒಬ್ಬ ಹುಡುಗ, ಅವನ ತಂದೆ, ತಾಯಿ, ಒಂದು ಬಡ ಮನೆ: ಇಷ್ಟೇ ಅದರ ವಸ್ತು. ಆ ಹುಡುಗ ಯಾರಿಗೆ ಸೇರಿದವನು ಎಂಬುದೇ ಅದರ ಪ್ರಶ್ನೆ. ಆ ಪ್ರಶ್ನೆಗೆ ಚಿತ್ರವು ಕೊಡುವ ಉತ್ತರವನ್ನೂ, ಉತ್ತರವನ್ನು ನಮ್ಮ ಮನಸ್ಸಿಗೆ ಇಳಿಸುವ ರೀತಿಯನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಚಿತ್ರದ ಹುಟ್ಟಿನ ಬಗೆಗೆ ಕೆಲವು ಮಾತು ಅವಶ್ಯಕ. ೧೯೩೨ರ ಜನವರಿ ೨೪ರಂದು ಬರ್ಲಿನ್ನಿನ ಮೊವಾಬಿಟ್ ಬಡಾವಣೆಯಲ್ಲಿ ಹೆರ್ಬರ್ಟ್ ನೋರ್ಕುಸ್ ಎಂಬ ಹದಿನೈದು ವರ್ಷದ ಬಾಲಕ ಕಮ್ಯೂನಿಸ್ಟರ ಕೈಯಲ್ಲಿ ಹತನಾದನು. ಅವನು ಹಿಟ್ಲರ್ ಯುವದಳದ ಸದಸ್ಯ; ದಳದ ಕರಪತ್ರಗಳನ್ನು ಹಂಚಲು ಹೋಗಿದ್ದವನು. ಈ ಘಟನೆಯನ್ನು ಆಧಾರವಾಗಿ ಹಿಡಿದು ಕಾರ್ಲ್ ಅಲೋಯ್ಸ್ ಷೆಂಟ್‌ಸಿಂಗರ್ ಅದೇ ವರ್ಷ ಒಂದು ಕಾದಂಬರಿಯನ್ನು ಬರೆದನು. ಮರುವರ್ಷ ಉಫಾ ಸಂಸ್ಥೆ ಅದನ್ನು ಚಿತ್ರವಾಗಿಸಿತು. ನಿರ್ದೇಶಕ ಹಾನ್ಸ್ ಷ್ಟೈನ್‌ಹೋಫ್, ನಿರ್ಮಾಣದ ಹೊಣೆ ಹೊತ್ತವನು ಕಾರ್ಲ್ ರಿಟ್ಟರ್. ೧೯೩೩ರ ಸೆಪ್ಟೆಂಬರ್ ೧೧ರಂದು ಮ್ಯೂನಿಕ್ ನಗರದಲ್ಲಿ, ಹಿಟ್ಲರನ ಸಮ್ಮುಖದಲ್ಲಿ, ಅದರ ಮೊದಲ ಪ್ರದರ್ಶನ ನಡೆಯಿತು. ನಾಟ್ಸಿಗಳು ಅಧಿಕಾರಕ್ಕೆ ಬಂದ ವರ್ಷದಲ್ಲಿ ತಮ್ಮ ‘ಹೋರಾಟದ ಕಾಲ’ವನ್ನು ವೈಭವೀಕರಿಸಿದ ಮೂರು ಚಿತ್ರಗಳಲ್ಲಿ ಇದು ಎರಡನೆಯದು. ಉಳಿದೆರಡು, ಎಂದರೆ ‘ಎಸ್. ಎ. ಮಾನ್ ಬ್ರಾಂಡ್’ ಮತ್ತು ‘ಹಾನ್ಸ್ ವೆಸ್ಟ್‌ಮಾರ್’, ಇಂದು ಚರಿತ್ರಕಾರರಿಗೆ ಮಾತ್ರ ಪರಿಚಿತ. ಇದೊಂದು ಮಾತ್ರ ಈಗಲೂ ನೋಡುವವನನ್ನು ಹಿಡಿದು ನಿಲ್ಲಿಸುವ ಶಕ್ತಿಯನ್ನು ಉಳಿಸಿಕೊಂಡಿದೆ.

೨

ಕಥೆ ಇಂತಿದೆ. ನಿರುದ್ಯೋಗದ ದಿನಗಳ ಬರ್ಲಿನ್. ಜರ್ಮನಿಯಲ್ಲಿ ಕೆಲಸವಿಲ್ಲದವರ ಸಂಖ್ಯೆ ೧೯೩೨ರ ಆರಂಭದಲ್ಲಿ ಅರವತ್ತು ಲಕ್ಷವನ್ನು ಮೀರಿತ್ತು. ಒಂದು ಅಂಗಡಿಯ ಮುಂದೆ ಹಸಿದ ಹುಡುಗನೊಬ್ಬ ಒಂದು ಸೇಬಿನ ಹಣ್ಣನ್ನು ಕದ್ದು ಸಿಕ್ಕಿಬೀಳುತ್ತಾನೆ. ಅಂಗಡಿಯವನು ಹೊಡೆಯುತ್ತಾನೆ, ಜನ ಸೇರುತ್ತಾರೆ, ಮಾತು ಬೆಳೆದು ದೊಂಬಿಯಾಗುತ್ತದೆ, ಅಂಗಡಿ ಲೂಟಿಯಾಗುತ್ತದೆ. ಇದು ಚಿತ್ರದ ನಾಂದಿ. ಈ ಸೇಬನ್ನು ನಾವು ನೆನಪಿನಲ್ಲಿಡಬೇಕು.

ಕಥಾನಾಯಕ ಹೈನಿ ಫ್ಯೋಲ್ಕರ್ ಅಚ್ಚುಕೂಟದಲ್ಲಿ ಕೆಲಸ ಕಲಿಯುತ್ತಿರುವ ಹುಡುಗ. ತಂದೆ ಹಿಂದಿನ ಮಹಾಯುದ್ಧದಲ್ಲಿ ಗಾಯಗೊಂಡು ಬಂದವನು. ಈಗ ಕೆಲಸವಿಲ್ಲ, ಕುಡಿತವಿದೆ, ಕಮ್ಯೂನಿಸ್ಟ್ ಪಕ್ಷದ ಒಲವಿದೆ. ತಾಯಿ ಗಂಡನ ಕೋಪಕ್ಕೂ ಮಗನ ಭವಿಷ್ಯಕ್ಕೂ ನಡುವೆ ಸವೆಯುತ್ತಿರುವ ಹೆಂಗಸು. ಷ್ಟೋಪೆಲ್ ಎಂಬ ಕಮ್ಯೂನಿಸ್ಟ್ ಮುಂದಾಳು ಹುಡುಗನನ್ನು ತನ್ನ ಗುಂಪಿನ ವಿಹಾರಕ್ಕೆ ಕರೆದೊಯ್ಯುತ್ತಾನೆ. ಅಲ್ಲಿ ಕುಡಿತ, ಧೂಮಪಾನ, ಗಂಡುಹೆಣ್ಣುಗಳ ಅಸಭ್ಯವಾದ ಆಟ. ಹೈನಿ ಬೇಸತ್ತು ಒಬ್ಬನೇ ಕಾಡಿನ ಕಡೆ ನಡೆಯುತ್ತಾನೆ. ಮರಗಳ ಆಚೆ ಬೆಂಕಿಯ ಬೆಳಕು. ಹಿಟ್ಲರ್ ಯುವದಳದ ಹುಡುಗರು ಕರ್ಕಾಟಕ ಸಂಕ್ರಾಂತಿಯ ಅಗ್ನಿಯ ಸುತ್ತ ಸಾಲಾಗಿ ನಿಂತು ಹಾಡುತ್ತಿದ್ದಾರೆ. ಹುಡುಗನ ಮನಸ್ಸು ಅಲ್ಲಿಯೇ ಸೋಲುತ್ತದೆ.

ಮನೆಗೆ ಮರಳಿ ತಾಯಿಗೆ ಆ ಹಾಡನ್ನು ಹಾಡಿ ತೋರಿಸುತ್ತಾನೆ. ಒಳಗಿನಿಂದ ಕೇಳಿಸಿಕೊಂಡ ತಂದೆ ಬಂದು ಅವನನ್ನು ಹೊಡೆದು, ಕಮ್ಯೂನಿಸ್ಟರ ಅಂತರರಾಷ್ಟ್ರೀಯ ಗೀತೆಯನ್ನು ಬಲವಂತವಾಗಿ ಹಾಡಿಸುತ್ತಾನೆ. ಮುಂದೆ ಯುವದಳದ ಹೊಸ ವಸತಿಗೃಹದ ಮೇಲೆ ಕಮ್ಯೂನಿಸ್ಟರು ನಡೆಸಲಿದ್ದ ದಾಳಿಯ ಸುದ್ದಿಯನ್ನು ಹೈನಿ ದಳದವರಿಗೆ ಮುಟ್ಟಿಸುತ್ತಾನೆ. ಷ್ಟೋಪೆಲನಿಗೆ ಅನುಮಾನ ಬರುತ್ತದೆ. ಮಗನಿಗೆ ಅಪಾಯ ತಪ್ಪದೆಂದು ಕಂಗೆಟ್ಟ ತಾಯಿ, ರಾತ್ರಿ ಅವನು ಮಲಗಿದ್ದಾಗ ಅಡಿಗೆಯ ಅನಿಲದ ಕೊಳವೆಯನ್ನು ತೆರೆದಿಡುತ್ತಾಳೆ. ತಾಯಿ ಸಾಯುತ್ತಾಳೆ, ಮಗ ಬದುಕುತ್ತಾನೆ. ಆಸ್ಪತ್ರೆಗೆ ಬಂದ ದಳದ ಹುಡುಗರು ಅವನಿಗೆ ಸಮವಸ್ತ್ರವನ್ನು ತಂದುಕೊಡುತ್ತಾರೆ. ಅವನಿಗೆ ‘ಕ್ವೆಕ್ಸ್’ ಎಂಬ ಅಡ್ಡಹೆಸರು ಬೀಳುತ್ತದೆ. ಪಾದರಸಕ್ಕೆ ಜರ್ಮನರು ಹೇಳುವ ಹೆಸರಿನ ಮೊಟಕು ರೂಪ ಅದು. ಆಜ್ಞೆಯಾದೊಡನೆ ಪಾದರಸದಂತೆ ಓಡುವವನು ಎಂದು ಅರ್ಥ. ಕೊನೆಗೆ ತನ್ನ ಹಳೆಯ ಕೇರಿಯಲ್ಲಿಯೇ ಕರಪತ್ರ ಹಂಚುವ ಕೆಲಸವನ್ನು ಹಟ ಹಿಡಿದು ಪಡೆದು, ಕತ್ತಲೆಯಲ್ಲಿ ಬೆನ್ನಟ್ಟಿದವರ ಕೈಗೆ ಸಿಕ್ಕಿ ಪ್ರಾಣ ಬಿಡುತ್ತಾನೆ.

೩

ಈ ಕಥೆಯನ್ನು ಹೇಳಿರುವ ರೀತಿಯಲ್ಲಿ ಮೆಚ್ಚತಕ್ಕ ಅಂಶಗಳಿಲ್ಲದೆ ಇಲ್ಲ. ಮೊದಲನೆಯದು ಪಾತ್ರವರ್ಗ. ತಂದೆಯ ಪಾತ್ರವನ್ನು ವಹಿಸಿದ ಹೈನ್‌ರಿಷ್ ಗೆಯೊರ್ಗ ಆ ಕಾಲದ ಜರ್ಮನ್ ರಂಗಭೂಮಿಯ ಅಗ್ರಗಣ್ಯ ನಟರಲ್ಲೊಬ್ಬ. ೧೯೨೭ರ ‘ಮೆಟ್ರೊಪೊಲಿಸ್’ ಚಿತ್ರದಲ್ಲಿ ಯಂತ್ರಶಾಲೆಯ ಮೇಸ್ತ್ರಿಯಾಗಿ, ೧೯೩೧ರ ‘ಬರ್ಲಿನ್ ಅಲೆಕ್ಸಾಂಡರ್‌ಪ್ಲಾಟ್ಸ್’ ಚಿತ್ರದಲ್ಲಿ ಸೆರೆಮನೆಯಿಂದ ಬಿಡುಗಡೆಯಾಗಿ ಬಂದ ಶ್ರಮಜೀವಿಯಾಗಿ ಅವನನ್ನು ಜನ ಕಂಡಿದ್ದರು. ಎಡಪಂಥದ ರಂಗಭೂಮಿಯ ಸಹವಾಸವೂ ಅವನಿಗಿತ್ತು. ಆದಕಾರಣ ಪ್ರೇಕ್ಷಕರ ಪಾಲಿಗೆ ಈ ತಂದೆ ಕೇವಲ ಖಳನಲ್ಲ, ತಮ್ಮ ಬೀದಿಯಲ್ಲಿ ದಿನವೂ ಕಾಣುವ ಮನುಷ್ಯ. ಹುಡುಗನನ್ನು ಹೊಡೆಯುವ ಆ ದೃಶ್ಯದಲ್ಲಿಯೂ ಅವನ ಮುಖದಲ್ಲಿ ಕ್ರೌರ್ಯಕ್ಕಿಂತ ಹೆಚ್ಚಾಗಿ ಸೋಲು ಕಾಣುತ್ತದೆ. ಕೈಯಲ್ಲಿ ಕೆಲಸವಿಲ್ಲದವನಿಗೆ ಮನೆಯಲ್ಲಿ ಉಳಿದಿದ್ದ ಒಂದೇ ಅಧಿಕಾರ ಮಗನ ಮೇಲಿನದು. ಅದೂ ಜಾರುತ್ತಿದೆಯೆಂಬ ಭಯ ಆ ಹೊಡೆತದಲ್ಲಿದೆ. ತಾಯಿಯಾಗಿ ನಟಿಸಿದ ಬೆರ್ಟಾ ಡ್ರೆವ್ಸ್ ನಿಜಜೀವನದಲ್ಲಿಯೂ ಗೆಯೊರ್ಗನ ಸಹಧರ್ಮಿಣಿ. ಇಬ್ಬರೂ ಕೂಡಿ ಆ ಇಕ್ಕಟ್ಟಾದ ಅಡಿಗೆಕೋಣೆಗೆ ತಂದಿರುವ ಸಹಜತೆಯು ಚಿತ್ರದ ಉದ್ದೇಶಕ್ಕೆ ಬೇಕಾದುದಕ್ಕಿಂತ ಹೆಚ್ಚಿನದು.

ಎರಡನೆಯದು ವಿರೋಧಗಳ ಜೋಡಣೆ. ಮನೆಯ ಇರುಕು, ಕಾಡಿನ ವಿಸ್ತಾರ. ಗುಂಪಿನ ಗದ್ದಲ, ಸಾಲಿನ ಶಿಸ್ತು. ಒಂದು ಹಾಡು, ಅದಕ್ಕೆದುರಾಗಿ ಇನ್ನೊಂದು ಹಾಡು. ಇವನ್ನು ಮಾತಿನಿಂದ ವಿವರಿಸದೆ ಕಣ್ಣಿಗೂ ಕಿವಿಗೂ ಒಪ್ಪಿಸಲಾಗಿದೆ. ಹುಡುಗನು ಒಂದು ಸಿದ್ಧಾಂತವನ್ನು ಓದಿ ಒಪ್ಪುವುದಿಲ್ಲ. ಅವನಿಗೆ ಬೇಕಾದದ್ದು ಶುಚಿತ್ವ, ಗೆಳೆತನ, ಯಾವುದೋ ಒಂದಕ್ಕೆ ಸೇರಿದವನೆಂಬ ನೆಮ್ಮದಿ. ಈ ಹಸಿವು ಸುಳ್ಳಲ್ಲ. ಹದಿನಾರರ ಆಸುಪಾಸಿನ ಎಲ್ಲ ಮಕ್ಕಳ ಎದೆಯಲ್ಲಿಯೂ ಅದಿರುತ್ತದೆಂಬುದನ್ನು ಅಧ್ಯಾಪಕವೃತ್ತಿಯವರಿಗೆ ಹೇಳಬೇಕಾಗಿಲ್ಲ. ಚಿತ್ರದ ಬಲವೆಲ್ಲ ಈ ನಿಜವಾದ ಹಸಿವನ್ನು ಅದು ಗುರುತಿಸಿರುವುದರಲ್ಲಿದೆ. ಅದರ ಅಪಾಯವೂ ಅಲ್ಲಿಯೇ ಇದೆ.

೪

ಈಗ ದೋಷದ ವಿಚಾರ. ‘ಇದು ಪ್ರಚಾರ, ಆದ್ದರಿಂದ ಕಲೆಯಲ್ಲ’ ಎಂಬ ಆಕ್ಷೇಪಣೆಯನ್ನು ನಾವು ಎತ್ತುವುದಿಲ್ಲ. ಮತಪ್ರಚಾರಕ್ಕಾಗಿಯೇ ಹುಟ್ಟಿದ ಎಷ್ಟೋ ಕೃತಿಗಳು ಕಲೆಯಾಗಿ ನಿಂತಿವೆ. ಕೃತಿಯು ತಾನೇ ಎತ್ತಿಕೊಂಡ ಪ್ರಶ್ನೆಗೆ ತಾನು ಪ್ರಾಮಾಣಿಕವಾಗಿದೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ. ಈ ಒರೆಗಲ್ಲಿಗೆ ಹಚ್ಚಿದಾಗ ಚಿತ್ರವು ಮೂರು ಕಡೆಗಳಲ್ಲಿ ಬಣ್ಣ ಬಿಡುತ್ತದೆ.

ಮೊದಲನೆಯದಾಗಿ, ಸೇಬಿನ ಹಣ್ಣು. ಚಿತ್ರ ಆರಂಭವಾಗುವುದು ಹಸಿವಿನಿಂದ. ಹುಡುಗ ಕದ್ದದ್ದು ಹಸಿದಿದ್ದರಿಂದ, ಜನ ಕೆರಳಿದ್ದು ಹಸಿದಿದ್ದರಿಂದ, ತಂದೆ ಪಕ್ಷವೊಂದನ್ನು ನಂಬಿದ್ದು ಕೆಲಸವಿಲ್ಲದ್ದರಿಂದ. ಈ ಪ್ರಶ್ನೆಗೆ ಚಿತ್ರದಲ್ಲಿ ಉತ್ತರವಿಲ್ಲ. ಉತ್ತರವಿಲ್ಲದಿರುವುದು ದೊಡ್ಡ ದೋಷವಲ್ಲ. ಪ್ರಶ್ನೆಯನ್ನೇ ಮರೆಯಿಸುವುದು ದೋಷ. ಕಾಡಿನ ಬೆಂಕಿಯನ್ನು ಕಂಡ ಕ್ಷಣದಿಂದ ಹಸಿವಿನ ಮಾತು ಹಿಂದೆ ಸರಿಯುತ್ತದೆ. ರೊಟ್ಟಿ ಬೇಡಿದವನಿಗೆ ಪತಾಕೆ ಸಿಕ್ಕಿದೆ. ಅವನು ಬೇಡಿದ್ದು ಪತಾಕೆಯನ್ನೇ ಎಂದು ನಮ್ಮನ್ನು ನಂಬಿಸಲಾಗುತ್ತದೆ.

ಎರಡನೆಯದಾಗಿ, ತಾಯಿಯ ಸಾವು. ಇಡೀ ಚಿತ್ರದಲ್ಲಿ ಕರುಣರಸಕ್ಕೆ ಅತ್ಯಂತ ಪ್ರಶಸ್ತವಾದ ಸನ್ನಿವೇಶ ಇದೇ. ಮಗನನ್ನು ಉಳಿಸಲಾರದೆ ಅವನನ್ನು ಕರೆದುಕೊಂಡೇ ಹೋಗಲು ಹೊರಟ ತಾಯಿಗಿಂತ ಹೆಚ್ಚಿನ ದುಃಖದ ಚಿತ್ರ ಯಾವುದು? ನಮ್ಮ ಲಾಕ್ಷಣಿಕರು ಹೇಳುವಂತೆ ಶೋಕವೆಂಬ ಸ್ಥಾಯಿ ಇಲ್ಲಿ ನೆಲೆಗೊಳ್ಳಬೇಕಾಗಿತ್ತು. ಆದರೆ ಚಿತ್ರಕ್ಕೆ ಶೋಕಿಸಲು ಬಿಡುವಿಲ್ಲ. ಆಸ್ಪತ್ರೆಯಲ್ಲಿ ಕಣ್ತೆರೆದ ಹುಡುಗನ ಬಳಿಗೆ ಸಮವಸ್ತ್ರ ಬರುತ್ತದೆ. ಅವನ ಮುಖ ಅರಳುತ್ತದೆ. ಹಳೆಯ ಮನೆಯ ಕೊನೆಯ ಕೊಂಡಿ ಕಳಚಿಕೊಂಡಿತು, ಹೊಸ ಮನೆಯ ಬಾಗಿಲು ತೆರೆಯಿತು, ಎಂಬುದೇ ಇಲ್ಲಿಯ ಲೆಕ್ಕ. ಕರುಣವನ್ನು ವೀರಕ್ಕೆ ಮೆಟ್ಟಿಲಾಗಿ ಬಳಸಿಕೊಂಡದ್ದರಿಂದ ಎರಡೂ ಕೆಟ್ಟಿವೆ. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದು ಕರೆದುದರ ಅರ್ಥ ಇಂತಹ ಸ್ಥಳಗಳಲ್ಲಿ ನಮಗೆ ಸ್ಪಷ್ಟವಾಗುತ್ತದೆ. ತಾಯಿಯ ಹೆಣವನ್ನು ದಾಟಿ ಅಷ್ಟು ಬೇಗ ನಗಬಲ್ಲ ಹುಡುಗನನ್ನು ಮೆಚ್ಚಬೇಕೆಂದು ಕೇಳುವ ಕೃತಿ, ಮನುಷ್ಯಸ್ವಭಾವದ ವಿಷಯದಲ್ಲಿ ಸುಳ್ಳು ಹೇಳಿದೆ.

ಮೂರನೆಯದು ಇವೆರಡಕ್ಕಿಂತ ಸೂಕ್ಷ್ಮವಾದದ್ದು. ಆಸ್ಪತ್ರೆಯಲ್ಲಿ ತಂದೆಗೂ ಯುವದಳದ ನಾಯಕನಿಗೂ ಒಂದು ಸಂಭಾಷಣೆ ನಡೆಯುತ್ತದೆ. ಹುಡುಗ ಎಲ್ಲಿಗೆ ಸೇರಬೇಕು? ತನಗೆ, ತನ್ನ ವರ್ಗದವರಿಗೆ, ಎಂದು ತಂದೆಯ ವಾದ. ನಾಯಕನು ಎದುರು ವಾದಿಸುವುದಿಲ್ಲ; ಮೆಲ್ಲಗೆ ಕೇಳುತ್ತಾನೆ: ನೀನು ಹುಟ್ಟಿದ್ದೆಲ್ಲಿ? ಬರ್ಲಿನ್ನಿನಲ್ಲಿ. ಬರ್ಲಿನ್ ಇರುವುದೆಲ್ಲಿ? ಹೀಗೆ ಒಂದೊಂದೇ ಪ್ರಶ್ನೆಯಿಂದ ನದಿಗೆ, ನದಿಯಿಂದ ದೇಶಕ್ಕೆ ಅವನನ್ನು ನಡೆಸಿಕೊಂಡು ಹೋಗಿ, ಜರ್ಮನಿ ಎಂಬ ಉತ್ತರದಲ್ಲಿ ತಂದು ನಿಲ್ಲಿಸುತ್ತಾನೆ. ಮುಂದೆ ತಂದೆಯೇ ಆ ವಾದದ ಧಾಟಿಯನ್ನು ಷ್ಟೋಪೆಲನೆದುರು ಹಿಡಿಯುತ್ತಾನೆ. ಇದು ನೋಡುವುದಕ್ಕೆ ಗುರುಶಿಷ್ಯರ ಸಂವಾದದಂತಿದೆ. ಆದರೆ ಯಾವ ಊರಿನಲ್ಲಿ ಹುಟ್ಟಿದೆ ಎಂಬುದಕ್ಕೂ ಯಾವ ಪಕ್ಷದ ಅಂಗಿಯನ್ನು ತೊಡಬೇಕು ಎಂಬುದಕ್ಕೂ ನಡುವೆ ಇರುವ ಕಂದಕವನ್ನು ಯಾರೂ ದಾಟಿಲ್ಲ. ದೇಶವೆಂಬ ಶಬ್ದವನ್ನು ಮುಂದಿಟ್ಟು ಪಕ್ಷವೆಂಬ ಅರ್ಥವನ್ನು ಹಿಂದಿನಿಂದ ಒಳಗೆ ತರಲಾಗಿದೆ. ತರ್ಕಶಾಸ್ತ್ರದ ಮಾತಿನಲ್ಲಿ ಇದು ಶುದ್ಧವಾದ ಛಲ.

ಈ ಸಂಭಾಷಣೆಯನ್ನು ಅದರ ಕಾಲದಲ್ಲಿಟ್ಟು ನೋಡಿದಾಗ ಅದರ ನಿಜಸ್ವರೂಪ ತಿಳಿಯುತ್ತದೆ. ಚಿತ್ರವು ತೆರೆಗೆ ಬಂದ ವೇಳೆಗೆ ಜರ್ಮನಿಯ ಕಮ್ಯೂನಿಸ್ಟ್ ಪಕ್ಷ ಮಣ್ಣುಗೂಡಿತ್ತು. ೧೯೩೩ರ ಫೆಬ್ರವರಿ ೨೮ರ ತುರ್ತು ಆಜ್ಞೆಯ ನಂತರ ಅದರ ಸದಸ್ಯರು ಸಾವಿರಗಟ್ಟಲೆ ಬಂಧಿತರಾದರು. ಮಾರ್ಚ್ ೩ರಂದು ಪಕ್ಷದ ಮುಂದಾಳು ಎರ್ನ್‌ಸ್ಟ್ ಟೇಲ್ಮಾನ್ ಸೆರೆಯಾದನು. ಅದೇ ಮಾರ್ಚ್ ೨೨ರಂದು, ಚಿತ್ರದ ಮೊದಲ ಪ್ರದರ್ಶನ ನಡೆಯಲಿದ್ದ ಮ್ಯೂನಿಕ್ ನಗರಕ್ಕೆ ಅನತಿದೂರದ ಡಾಕೌ ಎಂಬಲ್ಲಿ ಸೆರೆಶಿಬಿರ ತೆರೆಯಿತು. ಅಲ್ಲಿಗೆ ಮೊದಲು ಹೋದವರಲ್ಲಿ ಕಮ್ಯೂನಿಸ್ಟರೇ ಹೆಚ್ಚು. ಎಂದರೆ, ತೆರೆಯ ಮೇಲೆ ಒಬ್ಬ ಕಮ್ಯೂನಿಸ್ಟ್ ತಂದೆಯನ್ನು ಮೆದುಮಾತಿನಿಂದ ಒಲಿಸಿಕೊಳ್ಳುತ್ತಿದ್ದ ದಿನಗಳಲ್ಲಿಯೇ, ಅಂತಹ ನಿಜವಾದ ತಂದೆಯರು ಮುಳ್ಳುತಂತಿಯ ಹಿಂದೆ ಇದ್ದರು. ಆ ಮೆದುಮಾತಿನ ಹಿಂದಿನ ಕೋಲು ಚಿತ್ರದಲ್ಲಿ ಕಾಣುವುದಿಲ್ಲ. ಕಮ್ಯೂನಿಸ್ಟರ ಹಿಂಸೆಯಿತ್ತೆಂಬುದು ನಿಜ. ನೋರ್ಕುಸನ ಸಾವು ಕಟ್ಟುಕಥೆಯಲ್ಲ. ಆದರೆ ಎರಡು ಕೈಗಳಿಂದ ನಡೆದ ಬೀದಿಕಾಳಗದಲ್ಲಿ ಒಂದೇ ಕೈಯನ್ನು ತೋರಿಸಿ, ಇನ್ನೊಂದು ಕೈಗೆ ಹಾಡನ್ನು ಕೊಟ್ಟದ್ದು ಅರ್ಧಸತ್ಯ.

ಸೆರೆಶಿಬಿರದ ವಿಷಯ ಚಿತ್ರದ ಹೊರಗಿನದು, ಅದನ್ನು ವಿಮರ್ಶೆಯಲ್ಲಿ ತರುವುದು ಸರಿಯೇ, ಎಂದು ಕೆಲವರು ಕೇಳಬಹುದು. ಹೊರಗಿನದೆಂಬುದನ್ನು ಒಪ್ಪುತ್ತೇವೆ. ಆದರೆ ಚಿತ್ರವೇ ತನ್ನನ್ನು ಇತಿಹಾಸವೆಂದು ಸಾರಿಕೊಂಡಿದೆ, ಸತ್ತ ಒಬ್ಬ ಬಾಲಕನ ಸಾಕ್ಷ್ಯವನ್ನು ತನ್ನದಾಗಿ ಮಾಡಿಕೊಂಡಿದೆ. ಸಾಕ್ಷಿಯಾಗಿ ಬಂದವನನ್ನು ಪಾಟೀಸವಾಲಿಗೆ ಗುರಿಮಾಡುವುದು ಅನ್ಯಾಯವಲ್ಲ.

೫

ಇದೇ ಬರ್ಲಿನ್ನಿನ ಇನ್ನೆರಡು ಮನೆಗಳನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಒಂದು ವರ್ಷ ಮೊದಲು, ೧೯೩೨ರಲ್ಲಿ, ಸ್ಲಾಟನ್ ಡುಡೋವ್ ನಿರ್ದೇಶಿಸಿದ ‘ಕೂಲೆ ವಾಂಪೆ’ ಬಂದಿತು. ಅದರ ರಚನೆಯಲ್ಲಿ ನಾಟಕಕಾರ ಬ್ರೆಖ್ಟನ ಕೈಯಿತ್ತು. ಅದರ ಮೊದಲ ಭಾಗದಲ್ಲಿ ಕೆಲಸ ಹುಡುಕುತ್ತ ಹುಡುಗರು ಸೈಕಲ್ಲುಗಳ ಮೇಲೆ ಊರೆಲ್ಲ ಸುತ್ತುತ್ತಾರೆ. ಅವರಲ್ಲೊಬ್ಬನು ಬರಿಗೈಯಲ್ಲಿ ಮನೆಗೆ ಬಂದು, ತಂದೆತಾಯಿಗಳ ಗೊಣಗನ್ನು ಮೌನವಾಗಿ ಕೇಳಿ, ಅವರು ಆಚೆ ಹೋದಮೇಲೆ ಕೈಗಡಿಯಾರವನ್ನು ಬಿಚ್ಚಿಟ್ಟು ಕಿಟಕಿಯಿಂದ ಹಾರುತ್ತಾನೆ. ಗಡಿಯಾರ ಬೆಲೆಯುಳ್ಳದ್ದು, ಅದು ಒಡೆಯಬಾರದು. ಆ ಒಂದು ಚಲನೆಯಲ್ಲಿ ಬಡತನದ ಇಡೀ ಶಿಕ್ಷಣವಿದೆ. ಆ ಹುಡುಗ ತನ್ನ ವಿಷಯವಾಗಿ ಏನನ್ನೂ ಹೇಳುವುದಿಲ್ಲ, ಚಿತ್ರವೂ ಅವನನ್ನು ವೀರನೆಂದು ಕರೆಯುವುದಿಲ್ಲ. ಸರಕಾರ ಆ ಚಿತ್ರವನ್ನು ಮೊದಲು ನಿಷೇಧಿಸಿ, ಕತ್ತರಿಸಿದ ಮೇಲೆ ಬಿಟ್ಟಿತು. ಅದರಲ್ಲಿಯೂ ಪಕ್ಷವಿದೆ, ಹಾಡಿದೆ, ಮೆರವಣಿಗೆಯ ಹುಡುಗರಿದ್ದಾರೆ, ಅದೂ ಪ್ರಚಾರವೇ. ಆದರೆ ಸತ್ತವನ ಶವದ ಮೇಲೆ ಅದು ಹಾಡನ್ನು ಹೊದಿಸುವುದಿಲ್ಲ.

ಇನ್ನೊಂದು ಮನೆ ಯುದ್ಧಾನಂತರದ್ದು. ಇಟಲಿಯ ರೋಬೆರ್ಟೊ ರೊಸ್ಸೆಲ್ಲೀನಿ ಹಾಳುಬಿದ್ದ ಬರ್ಲಿನ್ನಿನ ಬೀದಿಗಳಲ್ಲಿಯೇ ತೆಗೆದ ‘ಜರ್ಮನಿ, ಶೂನ್ಯವರ್ಷ’ ೧೯೪೮ರಲ್ಲಿ ತೆರೆಗೆ ಬಂದಿತು. ಅದರ ಎಡ್ಮಂಡನಿಗೆ ಹನ್ನೆರಡು ವರ್ಷ. ತಂದೆ ಹಾಸಿಗೆ ಹಿಡಿದಿದ್ದಾನೆ. ಸೈನಿಕನಾಗಿದ್ದ ಅಣ್ಣ ಅಡಗಿ ಕುಳಿತಿದ್ದಾನೆ. ಪಡಿತರದ ಚೀಟಿ ಎಲ್ಲರಿಗೂ ಸಾಲದು. ಹಳೆಯ ಉಪಾಧ್ಯಾಯನೊಬ್ಬನು, ಬಲಹೀನರು ಸಾಯಲೇಬೇಕು, ಬಲವುಳ್ಳವರು ಉಳಿಯಬೇಕು, ಎಂಬ ಪಾಠವನ್ನು ಮಾತಿನ ನಡುವೆ ಅವನಿಗೆ ಹೇಳುತ್ತಾನೆ. ಹುಡುಗ ಆ ಪಾಠವನ್ನು ನಂಬಿ ತಂದೆಗೆ ವಿಷ ಕೊಡುತ್ತಾನೆ. ಆಮೇಲೆ ಉಪಾಧ್ಯಾಯನೂ ಅವನನ್ನು ತಳ್ಳಿಬಿಟ್ಟಾಗ, ಹಾಳು ಕಟ್ಟಡವೊಂದನ್ನು ಹತ್ತಿ ಕೆಳಗೆ ಹಾರುತ್ತಾನೆ. ಕ್ವೆಕ್ಸನ ಕಥೆಯ ಉತ್ತರಾರ್ಧ ಇದೆಂದು ನಮಗನ್ನಿಸುತ್ತದೆ. ಅಲ್ಲಿ ಹುಡುಗನು ತಂದೆಯ ಮನೆಯಿಂದ ಗುರುವಿನ ಮನೆಗೆ ಹೋದನು. ಇಲ್ಲಿ ಗುರುವಿನ ಮಾತು ತಂದೆಯ ಮನೆಗೆ ಬಂದಿದೆ.

ಈ ಎರಡು ಚಿತ್ರಗಳ ನಡುವಿನ ಕಾಲದಲ್ಲಿ ನಡೆದದ್ದು ಚರಿತ್ರೆ. ೧೯೩೬ರ ಡಿಸೆಂಬರ್ ೧ರ ಕಾನೂನು ಜರ್ಮನಿಯ ಸಮಸ್ತ ಯುವಜನವನ್ನೂ ಹಿಟ್ಲರ್ ಯುವದಳಕ್ಕೆ ಒಪ್ಪಿಸಿತು. ೧೯೩೯ರ ಮಾರ್ಚ್ ತಿಂಗಳ ಆಜ್ಞೆಯಿಂದ ಅದರ ಸೇವೆ ಕಡ್ಡಾಯವಾಯಿತು. ೧೯೪೫ರ ವಸಂತದಲ್ಲಿ ಬರ್ಲಿನ್ನಿನ ರಕ್ಷಣೆಗೆ ಶಾಲೆಯ ಹುಡುಗರ ಕೈಗೆ ಆಯುಧ ಕೊಡಲಾಯಿತು. ೧೯೩೩ರ ತೆರೆಯ ಮೇಲೆ ಒಬ್ಬ ಹುಡುಗ ಹಟ ಹಿಡಿದು ಬೇಡಿಕೊಂಡು ಪಡೆದ ಸಾವು, ಹನ್ನೆರಡು ವರ್ಷಗಳ ಮೇಲೆ ಕೇಳದಿದ್ದವರಿಗೂ ಹಂಚಿಕೆಯಾಯಿತು.

೬

ಚಿತ್ರದ ಕೊನೆಯ ದೃಶ್ಯಕ್ಕೆ ಬರೋಣ. ರಾತ್ರಿಯ ಜಾತ್ರೆಯ ಬಯಲು. ಹೈನಿ ಒಂದು ಗುಡಾರದೊಳಗೆ ಅಡಗಿದ್ದಾನೆ. ಅವನ ಮೈ ತಗುಲಿ ಒಂದು ಯಂತ್ರದ ಬೊಂಬೆ ತಮಟೆ ಬಾರಿಸತೊಡಗುತ್ತದೆ. ಆ ಸದ್ದೇ ಅವನನ್ನು ಹಿಡಿದುಕೊಡುತ್ತದೆ. ಇದು ನಿಜವಾಗಿ ಸಮರ್ಥವಾದ ಕಲ್ಪನೆ. ಆದರೆ ಅದರ ಧ್ವನಿ ನಿರ್ದೇಶಕನು ಬಯಸಿದ ಕಡೆಗೆ ಮಾತ್ರ ಹರಿಯುವುದಿಲ್ಲ. ಕೀಲಿ ತಿರುಗಿಸಿದೊಡನೆ ತಮಟೆ ಬಡಿಯುವ ಬೊಂಬೆಗೂ, ಆಜ್ಞೆಯಾದೊಡನೆ ಓಡುವ ಪಾದರಸದ ಹುಡುಗನಿಗೂ ಇರುವ ಹೋಲಿಕೆ ಸಹೃದಯನ ಕಣ್ಣಿಗೆ ಬೀಳದೆ ಇರುವುದಿಲ್ಲ. ಕೃತಿಯೊಳಗಿನ ಕಲೆ ಕರ್ತೃವಿನ ಕೈ ಮೀರಿ ಸತ್ಯ ನುಡಿಯುವ ಗಳಿಗೆ ಇದು.

ಮುಂದಿನ ಕ್ಷಣದಲ್ಲಿ ಹುಡುಗ ನೆಲದ ಮೇಲೆ ಬಿದ್ದಿದ್ದಾನೆ. ದಳದ ಹಾಡನ್ನು ಎತ್ತಿಕೊಂಡು, ಮುಗಿಸಲಾರದೆ ಪ್ರಾಣ ಬಿಡುತ್ತಾನೆ. ಹಾಡನ್ನು ವಾದ್ಯಗಳು ಮುಂದುವರಿಸುತ್ತವೆ. ಅವನ ಮುಖ ಮಸುಕಾಗುತ್ತದೆ. ಅದರ ಮೇಲೆ ಪತಾಕೆಗಳೂ ನಡೆದುಬರುವ ಸಾಲುಸಾಲು ಹುಡುಗರೂ ಮೂಡುತ್ತಾರೆ. ಒಂದೂವರೆ ಗಂಟೆಯ ಕಾಲ ನಾವು ಪ್ರೀತಿಯಿಂದ ನೋಡಿದ ಒಂದು ಮುಖವನ್ನು ಅಳಿಸಿ, ಮುಖವಿಲ್ಲದ ಸಾಲನ್ನು ಅದಕ್ಕೆ ಬದಲಾಗಿ ಕೊಡಲಾಗಿದೆ. ಈ ಪಾತ್ರವನ್ನು ವಹಿಸಿದವನು ಯೂರ್ಗೆನ್ ಓಲ್ಸೆನ್ ಎಂಬ ಹುಡುಗ. ಆದರೆ ಚಿತ್ರದ ಪಾತ್ರಪಟ್ಟಿಯಲ್ಲಿ ಅವನ ಹೆಸರಿಲ್ಲ, ‘ಒಬ್ಬ ಹಿಟ್ಲರ್ ಯುವಕ’ ಎಂದಷ್ಟೇ ಇದೆ. ಚಿತ್ರದ ತತ್ತ್ವ ಅದರ ಪಾತ್ರಪಟ್ಟಿಯವರೆಗೂ ಹರಡಿದೆಯೆಂದು ಇದರಿಂದ ತಿಳಿಯಬಹುದು. ಹುಡುಗ ಯಾರಿಗೆ ಸೇರಿದವನು ಎಂಬ ಪ್ರಶ್ನೆಗೆ, ಅವನು ತನಗೂ ಸೇರಿದವನಲ್ಲ ಎಂಬುದೇ ಇಲ್ಲಿಯ ಉತ್ತರ.

ಜರ್ಮನಿಯಲ್ಲಿ ಈ ಚಿತ್ರಕ್ಕೆ ಮುಕ್ತ ಪ್ರದರ್ಶನವಿಲ್ಲ. ಪ್ರಸ್ತಾವನೆಯ ಉಪನ್ಯಾಸ, ನಂತರದ ಚರ್ಚೆ ಇದ್ದಲ್ಲಿ ಮಾತ್ರ ಅದನ್ನು ತೋರಿಸಬಹುದೆಂದು ನಿಯಮ. ಈ ಏರ್ಪಾಡು ವಿವೇಕದ್ದೆಂದು ನಮ್ಮ ಮತ. ನಿಷೇಧಿಸಿದರೆ ಅದಕ್ಕಿಲ್ಲದ ಮಹಿಮೆ ಬಂದೀತು. ತೆರೆದು ಬಿಟ್ಟರೆ ಅದಕ್ಕಿರುವ ಮೋಹಕತೆ ಕೆಲಸ ಮಾಡೀತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್ಸನ್ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯದಲ್ಲಿ ಈ ಚಿತ್ರವನ್ನು ದೃಶ್ಯ ದೃಶ್ಯವಾಗಿ ಬಿಡಿಸಿ ಪರೀಕ್ಷಿಸಿದ್ದನು. ಶತ್ರುವಿನ ಮನಸ್ಸನ್ನು ಅರಿಯಲು ಅವನ ಸೈನ್ಯಕ್ಕಿಂತಲೂ ಅವನು ಮನೆಯನ್ನು ಚಿತ್ರಿಸಿದ ರೀತಿ ಹೆಚ್ಚು ಸಹಾಯಕವೆಂದು ತೋರಿಸಿದ ಆ ಅಧ್ಯಯನ ನಮ್ಮ ವಿದ್ಯಾರ್ಥಿಗಳಿಗೂ ಮಾದರಿಯಾಗಬಲ್ಲುದು.

ನಟನ ಬಾಳಿನ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ಹೈನ್‌ರಿಷ್ ಗೆಯೊರ್ಗ ಮುಂದೆ ನಾಟ್ಸಿಗಳ ಇನ್ನೂ ಹಲವು ಚಿತ್ರಗಳಲ್ಲಿ ನಟಿಸಿದನು. ಯುದ್ಧ ಮುಗಿದಮೇಲೆ ರಷ್ಯನ್ನರ ಸೆರೆಗೆ ಸಿಕ್ಕಿ ೧೯೪೬ರ ಸೆಪ್ಟೆಂಬರಿನಲ್ಲಿ ಸಾಕ್ಸೆನ್‌ಹೌಸೆನ್ ಶಿಬಿರದಲ್ಲಿ ತೀರಿಕೊಂಡನು. ಆಗ ಅವನ ಕಿರಿಯ ಮಗ ಗ್ಯೋಟ್ಸ್‌ಗೆ ಎಂಟು ವರ್ಷ. ಆ ಮಗನೂ ಬೆಳೆದು ಪ್ರಸಿದ್ಧ ನಟನಾದನು. ೨೦೧೩ರಲ್ಲಿ, ತನ್ನ ಎಪ್ಪತ್ತೈದನೆಯ ವಯಸ್ಸಿನಲ್ಲಿ, ‘ಗೆಯೊರ್ಗ’ ಎಂಬ ಚಿತ್ರದಲ್ಲಿ ತನ್ನ ತಂದೆಯ ಪಾತ್ರವನ್ನು ತಾನೇ ವಹಿಸಿದನು. ತಂದೆಯ ತಪ್ಪನ್ನು ಮುಚ್ಚದೆ, ತಂದೆಯನ್ನು ಬಿಟ್ಟೂ ಕೊಡದೆ, ಅವನ ಮುಖವನ್ನು ತನ್ನ ಮುಖದಲ್ಲಿ ಹೊತ್ತು ನಿಲ್ಲುವುದು ಸುಲಭದ ಕೆಲಸವಲ್ಲ. ೧೯೩೩ರ ಚಿತ್ರವು ತನ್ನ ಹುಡುಗನಿಗೆ ತಂದೆಯನ್ನು ತೊರೆಯುವುದು, ತಂದೆಗೆ ಶರಣಾಗುವುದು ಎಂಬ ಎರಡೇ ದಾರಿಗಳನ್ನು ತೆರೆದಿತ್ತು. ಮೂರನೆಯದೊಂದು ದಾರಿಯಿದೆಯೆಂದು ಅದೇ ನಟನ ಮಗ ಎಂಬತ್ತು ವರ್ಷಗಳ ತರುವಾಯ ತೋರಿಸಿಕೊಟ್ಟನು.